ಕಿವಿಯಣ್ಣ ಕೇಳಿದ್ದು

ಆ ಮೆಕ್ಯಾನಿಕ್‌ಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಲೈಸೆನ್ಸಿನಲ್ಲಿ ಬಿಟ್ಟರೆ ಅದು ಬೇರೆಲ್ಲೂ ಉಪಯೋಗಕ್ಕೆ ಬಂದಿರಲಿಲ್ಲ. ಗಿರಾಕಿಗಳಿಗೆಲ್ಲ ಅವನು ಕಿವಿಯಣ್ಣ. ಗಾಡಿ ಗೇಟು ದಾಟುವಷ್ಟರಲ್ಲಿ, ಬಾನೆಟ್ ಎತ್ತದೆಯೇ, "ಮೂರನೇ ಪ್ಲಗ್ ನೋಡ್ಬೇಕು" ಅಂದುಬಿಡುತ್ತಿದ್ದ. ಒಮ್ಮೆ ಯಾವನೋ ಪರೀಕ್ಷೆ ಮಾಡಲೆಂದೇ ಒಂದು ವಯರು ಸಡಿಲ ಮಾಡಿಕೊಂಡು ಬಂದಿದ್ದನಂತೆ. ಇವನು ತಲೆ ಕೂಡ ಎತ್ತದೆ, "ಸಡಿಲ ಮಾಡಿದವರೇ ಬಿಗಿ ಮಾಡ್ಕೊಂಡು ಹೋಗಿ" ಅಂದನಂತೆ. ಈ ಕತೆಯನ್ನು ಎಲ್ಲರಿಗೂ ಹೇಳಿಕೊಂಡು ಬಂದವನೂ ಅವನೇ, ಯಾರೋ ಹೇಳಿದ್ದನ್ನು ಕೇಳಿದವನ ಹಾಗೆ.

ಅಂಥ ಕಿವಿ ಮೂರು ವರ್ಷದಿಂದ ಕೈಕೊಡುತ್ತಿತ್ತು. ಇಂಜಿನ್ನಿನ ಸದ್ದೇನೋ ಇನ್ನೂ ಸಿಗುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿಕೊಂಡರೆ ಒಳಗಿನ ಗುಟ್ಟೆಲ್ಲ ಮೂಳೆಯ ಮೂಲಕ ತಲೆಗೆ ಬರುತ್ತಿತ್ತು. ಮನುಷ್ಯರ ಮಾತಿಗೆ ಅಂಥ ಸ್ಕ್ರೂಡ್ರೈವರ್ ಇರಲಿಲ್ಲ. ಒಂದು ಬೆಳಿಗ್ಗೆ ಹೆಂಡತಿ "ನಲ್ಲಿ ನಿಲ್ಸಿ" ಅಂದದ್ದನ್ನು "ಇಲ್ಲಿ ನಿಲ್ಲಿ" ಎಂದು ಕೇಳಿಸಿಕೊಂಡು, ಬಕೆಟ್ಟು ತುಂಬಿ ಹರಿದು ಅಡುಗೆಮನೆಯೆಲ್ಲ ನೀರಾಗುವವರೆಗೂ ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದ. ಅವಳು ನಗುನಗುತ್ತಲೇ ನೆಲ ಒರೆಸಿದಳು. ಆಮೇಲೆ ಒಬ್ಬಳೇ ಕೂತು ಅತ್ತಳು.

ಮಾರನೆಯ ದಿನದಿಂದ ಅವಳು ಗ್ಯಾರೇಜಿಗೆ ಬಂದು ಕೂರತೊಡಗಿದಳು. ನಟ್ಟು ಬೋಲ್ಟುಗಳ ಕಪಾಟು ಜೋಡಿಸುವುದು ನೆಪ. ಗಿರಾಕಿ ಹೇಳಿದ್ದನ್ನು ಅವಳು ಜೋರಾಗಿ ಇನ್ನೊಮ್ಮೆ ಹೇಳುತ್ತಿದ್ದಳು, ತನಗೇ ಅರ್ಥವಾಗಲಿಲ್ಲವೇನೋ ಎಂಬಂತೆ. ಇಬ್ಬರೂ ಈ ವಿಷಯ ಬಾಯಿಬಿಟ್ಟು ಆಡಿಕೊಂಡವರಲ್ಲ. ಕಿವಿಯಣ್ಣನಿಗೆ ಕಿವಿ ಕೇಳಿಸುವುದಿಲ್ಲ ಎಂದರೆ ಗ್ಯಾರೇಜಿನ ಬಾಗಿಲು ಹಾಕಿದ ಹಾಗೆಯೇ ಎಂದು ಅವನು ನಂಬಿದ್ದ. ಅದಕ್ಕೇ ಏನೇ ಆದರೂ "ಏನಂದ್ರಿ?" ಎಂದು ಮಾತ್ರ ಕೇಳುತ್ತಿರಲಿಲ್ಲ. ನಮ್ಮ ಭಾಷೆಯಲ್ಲಿ ಕಿವಿಗೆ ಬೀಳುವುದೂ ಕೇಳುವುದೇ, ಬಾಯಿಬಿಟ್ಟು ವಿಚಾರಿಸುವುದೂ ಕೇಳುವುದೇ. ಮೊದಲನೆಯದು ಹೋದವನು ಎರಡನೆಯದನ್ನಾದರೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕಿತ್ತು. ಈ ಮನುಷ್ಯ ಎರಡನ್ನೂ ಬಿಟ್ಟು ಕೂತ.

ಟೀಚರಮ್ಮನ ಕಾರು ಬಂದದ್ದು ಅಂಥ ದಿನಗಳಲ್ಲಿ. ಕಾರು ಅವಳ ಗಂಡನದು. ಅವನು ವಯರಿಂಗ್ ಕೆಲಸದವನು, ತೀರಿಹೋಗಿ ಎರಡು ವರ್ಷವಾಗಿತ್ತು. ಈಚೆಗೆ ಕಾರು ಎಳೆಯುತ್ತಿರಲಿಲ್ಲ, ಏರು ಬಂದರೆ ಉಸಿರು ಕಟ್ಟುತ್ತಿತ್ತು. ಟೀಚರಮ್ಮನ ಜೊತೆ ಅವಳ ತಮ್ಮನೂ ಬಂದಿದ್ದ. ಅವನ ಕೈಯಲ್ಲಿ ಹೊಸ ಡಬ್ಬ, ಅದರೊಳಗೆ ಥಳಥಳಿಸುವ ಕೆಂಪು ಬಣ್ಣದ, ಆಲಿಕೆಯ ಆಕಾರದ ಏರ್ ಫಿಲ್ಟರ್.

"ಕಂಪನಿಯವರು ಕೊಟ್ಟಿರೋ ಫಿಲ್ಟರ್ ಡಬ್ಬಿ ಕಿತ್ತುಹಾಕಿ ಇದನ್ನ ಕೂರಿಸಿ ಅಣ್ಣ. ಅಕ್ಕನ ಗಾಡಿ ಹುಲಿ ಥರ ಗುರ್ ಅನ್ಬೇಕು," ಅಂದ.

ಈ ವಿಷಯದಲ್ಲಿ ಕಿವಿಯಣ್ಣನಿಗೆ ಯಾರ ತುಟಿಯನ್ನೂ ಓದಬೇಕಿರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಇದೇ ಪ್ರಶ್ನೆ, ಇದೇ ಉತ್ತರ. "ಗುರ್ ಅನ್ನೋದು ಗಾಡಿ ಅಲ್ಲಪ್ಪ, ಗಾಳಿ. ಕಂಪನಿ ಡಬ್ಬಿ ಮುಂದುಗಡೆಯಿಂದ ತಣ್ಣಗಿನ ಗಾಳಿ ತಗೊಳ್ಳುತ್ತೆ. ಇದು ಇಂಜಿನ್ ಪಕ್ಕದಲ್ಲೇ ಕೂತು ಬಿಸಿ ಗಾಳಿ ಕುಡಿಯುತ್ತೆ. ಧೂಳು ಬೇರೆ. ಸದ್ದು ಜಾಸ್ತಿ ಆದ್ರೆ ಪಿಕಪ್ ಜಾಸ್ತಿ ಆಯ್ತು ಅನ್ಸುತ್ತೆ, ಅಷ್ಟೇ. ಡಬ್ಬಿ ಮಾಡಿದವರೇನು ದಡ್ಡರಲ್ಲ."

ತಮ್ಮ ಮುಖ ಊದಿಸಿಕೊಂಡ. ಟೀಚರಮ್ಮ ಇಬ್ಬರನ್ನೂ ನೋಡಿ, ಮೆಲ್ಲಗಿನ ದನಿಯಲ್ಲಿ ಏನೋ ಹೇಳಿದಳು. ಬೆಳಗಿನಿಂದ ಸಂಜೆಯವರೆಗೆ ಮಕ್ಕಳೆದುರು ಕೂಗಿ ಗಂಟಲು ಸೋತವಳು, ಶಾಲೆಯ ಹೊರಗೆ ಪಿಸುಗುಟ್ಟಿದಂತೆಯೇ ಮಾತು.

"ಯೋಚ್ನೆ ಮಾಡಿ ನಾಳೆ ಫೋನ್ ಮಾಡ್ತಾರಂತೆ," ಎಂದು ಹೆಂಡತಿ ಕಪಾಟಿನ ಕಡೆಯಿಂದ ಹೇಳಿದಳು. ಕಾರನ್ನೂ ಕೆಂಪು ಫಿಲ್ಟರನ್ನೂ ಅಲ್ಲೇ ಬಿಟ್ಟು ಅಕ್ಕ ತಮ್ಮ ಹೋದರು.

ಮರುದಿನ ಬೆಳಿಗ್ಗೆ ಫೋನ್ ಬಂದಾಗ ಹೆಂಡತಿ ಹಿಂದುಗಡೆ ಕೈ ತೊಳೆಯುತ್ತಿದ್ದಳು. ಕಿವಿಯಣ್ಣನೇ ಎತ್ತಿದ. ಆ ಕಡೆ ಶಾಲೆಯ ಗಲಾಟೆ, ಈ ಕಡೆ ಕಂಪ್ರೆಸರ್. ನಡುವೆ ಒಂದು ಸಣ್ಣ ದನಿ, ಒಂದೇ ಒಂದು ಮಾತು. "ಸರಿಯಮ್ಮ," ಎಂದು ಇಟ್ಟುಬಿಟ್ಟ.

"ಏನಂತೆ?" ಎಂದಳು ಹೆಂಡತಿ.

"ಹಾಕ್ಬಿಡಿ ಅಂದ್ರು."

"ಹಾಕ್ಬಿಡಿ ಅಂದ್ರೋ, ಹಾಕ್ಬೇಡಿ ಅಂದ್ರೋ? ಇನ್ನೊಂದ್ಸಲ ಕೇಳ್ಬಿಡಿ. ಇಲ್ಲಾ ನಾನೇ ಕೇಳ್ತೀನಿ."

ಅವನಿಗೆ ರೇಗಿತು. ತನಗೂ ಅದೇ ಅನುಮಾನ ಇದ್ದದ್ದರಿಂದ ಇನ್ನಷ್ಟು ರೇಗಿತು. "ನನ್ನ ಕಿವಿ ಮೇಲೆ ನಿಂಗೇ ನಂಬಿಕೆ ಇಲ್ಲ ಅಂದ್ಮೇಲೆ ಮುಗೀತು ಬಿಡು," ಎಂದ. ಅವಳು ಸುಮ್ಮನಾದಳು. ಆ ಸುಮ್ಮನಾಗುವಿಕೆಗಾಗಿ ಅವಳು ಆಮೇಲೆ ತನ್ನನ್ನೇ ಬಹಳ ದಿನ ಬೈದುಕೊಂಡಳು.

ಕಂಪನಿ ಡಬ್ಬಿಯ ಮುಚ್ಚಳ ಎತ್ತಿದಾಗ ಗಾಡಿಯ ಕಾಯಿಲೆ ಕಣ್ಣೆದುರೇ ಇತ್ತು. ಒಳಗಿನ ಫಿಲ್ಟರ್ ಎರಡು ವರ್ಷದ ಧೂಳು ಕುಡಿದು ರೊಟ್ಟಿ ಹಂಚಿನಂತೆ ಕಪ್ಪಾಗಿತ್ತು. ಅಂಥದ್ದೇ ಹೊಸದೊಂದು ಹಾಕಿದ್ದರೆ ಕೆಲಸ ಮುಗಿಯುತ್ತಿತ್ತು. ಮುಚ್ಚಳದ ಒಳಮೈಯಲ್ಲಿ, ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬೆಳ್ಳಿ ಬಣ್ಣದ ಮಾರ್ಕರಿನಲ್ಲಿ ಆರು ಸಾಲು ಇದ್ದವು. ಫಿಲ್ಟರ್ ಒದರಿ ಹಾಕಿದ ತಾರೀಖುಗಳು. ಪ್ರತಿ ತಾರೀಖಿನ ಪಕ್ಕ ಗುಂಡಗಿನ ಅಕ್ಷರದಲ್ಲಿ ಒಂದೊಂದು ಮಾತು. ಕಿವಿಯಣ್ಣ ಮೊದಲನೆಯದನ್ನು ಓದಿದ: "ಅವಳಿಗೆ ಕೆಲಸ ಸಿಕ್ಕ ವಾರ." ಎರಡನೆಯದು: "ಅವಳಿಗೆ ಜ್ವರ, ಮನೆಯಲ್ಲೇ ಇದ್ದೆ."

ಅಲ್ಲಿಗೆ ಅವನ ಕೈ ನಿಂತಿತು. ಹೀಗೆ ಬರೆದಿಟ್ಟವನ ಹೆಂಡತಿ ಹಾಕಿಬಿಡಿ ಅಂದಿರಬಹುದೇ? ಫೋನ್ ಬೆಂಚಿನ ಮೇಲೆ, ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಆದರೆ ಕಪಾಟಿನ ಹತ್ತಿರ ಹೆಂಡತಿ ಇದ್ದಳು, ಅವಳೆದುರು ಈಗಷ್ಟೇ ದೊಡ್ಡ ಮಾತಾಡಿಯಾಗಿತ್ತು. ಅವನು ಡಬ್ಬಿ ಬಿಚ್ಚಿದ. ಬಿಚ್ಚುವಾಗ ಅದನ್ನು ಹಿಡಿದಿಟ್ಟಿದ್ದ ಪ್ಲಾಸ್ಟಿಕ್ ಕೊಂಡಿ ಪಟ್ಟೆಂದು ಮುರಿಯಿತು. ಮುರಿದ ಡಬ್ಬಿ ಇನ್ಯಾಕೆ ಎಂದು ಮುಚ್ಚಳದ ಸಮೇತ ಹಳೇ ಸಾಮಾನಿನ ಡ್ರಮ್ಮಿಗೆ ಎಸೆದ. ಮಧ್ಯಾಹ್ನ ಗುಜರಿಯವನು ಎಂದಿನಂತೆ ಬಂದು ಡ್ರಮ್ಮು ಬರಿದು ಮಾಡಿಕೊಂಡು ಹೋದ.

ಶಾಲೆ ಬಿಟ್ಟ ಮೇಲೆ ಟೀಚರಮ್ಮ ಬಂದಳು. ಕೀಲಿ ತಿರುಗಿಸಿದಳು. ಗಾಡಿ ಗುರ್ ಎಂದಿತು. ಅವಳು ಸ್ಟೇರಿಂಗಿನಿಂದ ಕೈ ತೆಗೆದು, ಇಂಜಿನ್ ಆರಿಸಿ, ಕೆಳಗಿಳಿದಳು. ಆ ಮುಖ ನೋಡಿದ ಮೇಲೆ ಕಿವಿಯಣ್ಣನಿಗೆ ಬೇರೇನೂ ಕೇಳಿಸಬೇಕಿರಲಿಲ್ಲ. ಆದರೂ, "ನೀವೇ ಅಂದ್ರಲ್ಲ ಟೀಚರ್, ಹಾಕ್ಬಿಡಿ ಅಂತ," ಎಂದ.

"ಹಾಕ್ಬೇಡಿ ಅಂದೆ ಅಣ್ಣ."

ಈ ಸಲ 'ಬೇ' ಅನ್ನುವಾಗ ಅವಳ ತುಟಿ ಅಗಲವಾದದ್ದು ಅವನಿಗೆ ಕಂಡಿತು. ಹಳೇ ಡಬ್ಬಿ ಎಲ್ಲಿ ಎಂದು ಅವಳು ಕೇಳಿದಳು, ಹೆಂಡತಿ ಅದನ್ನು ಜೋರಾಗಿ ಇನ್ನೊಮ್ಮೆ ಹೇಳುವ ಗೋಜಿಗೆ ಹೋಗಲಿಲ್ಲ. ಗುಜರಿಗೆ ಹೋಯಿತು ಎಂದು ತಾನೇ ಹೇಳಿದಳು. ಟೀಚರಮ್ಮ ಕೀಲಿಯನ್ನು ಬೆಂಚಿನ ಮೇಲಿಟ್ಟು ಬಸ್ ಸ್ಟಾಪಿನ ಕಡೆ ನಡೆದಳು.

ಕಿವಿಯಣ್ಣ ಆಗಲೇ ಗುಜರಿ ಅಂಗಡಿಗೆ ಓಡಿದ. ಅಲ್ಲಿನವನು ಮಷೀನಿನ ಕಡೆ ಕೈ ತೋರಿಸಿದ. ಪ್ಲಾಸ್ಟಿಕ್ಕೆಲ್ಲ ಪುಡಿಯಾಗಿ ಮೂರು ಚೀಲದಲ್ಲಿತ್ತು. ಕಿವಿಯಣ್ಣ ನೆಲದ ಮೇಲೆ ಕೂತು ಮೂರನ್ನೂ ಸುರುವಿಕೊಂಡು, ಬೆಳ್ಳಿ ಬಣ್ಣದ ಒಂದು ಚೂರಿಗಾಗಿ ಕತ್ತಲಾಗುವವರೆಗೆ ಕೆದಕಿದ. ಸಿಗಲಿಲ್ಲ. ತನ್ನ ಜಂಬಕ್ಕೆ ಇಷ್ಟು ನಾಚಿಕೆ ಅವನಿಗೆ ಜೀವಮಾನದಲ್ಲಿ ಆಗಿರಲಿಲ್ಲ.

ಮೂರನೆಯ ದಿನಕ್ಕೆ ಅದೇ ಮಾದರಿಯ ಬೇರೊಂದು ಕಂಪನಿ ಡಬ್ಬಿ ಹುಡುಕಿ ತಂದು, ಹೊಸ ಫಿಲ್ಟರ್ ಹಾಕಿ ಕೂರಿಸಿದ. ಗಾಡಿ ಮೊದಲಿನಂತೆ ಸದ್ದಿಲ್ಲದೆ, ಸಲೀಸಾಗಿ ಓಡಿತು. ಟೀಚರಮ್ಮ ಬಂದವಳು ತಾನೇ ಬಾನೆಟ್ ಎತ್ತಿ, ಕ್ಲಿಪ್ಪು ಬಿಡಿಸಿ ಮುಚ್ಚಳ ತೆಗೆದಳು. ಒಳಗೆ ಬರೀ ಕಪ್ಪು. ಅದನ್ನು ನೋಡುತ್ತಲೇ, ತಲೆ ಬಗ್ಗಿಸಿಕೊಂಡು ಏನೋ ಅಂದಳು.

"ಸರಿಯಮ್ಮ" ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿ ಹೇಳಲು ಬಾಯಿ ತೆರೆದಳು, ಅವನು ಕೈಯೆತ್ತಿ ತಡೆದ. ಇಬ್ಬರು ಗಿರಾಕಿಗಳು ಪಕ್ಕದಲ್ಲೇ ನಿಂತಿದ್ದರು.

"ಏನಂದ್ರಿ ಟೀಚರ್? ನಂಗೆ ಕಿವಿ ಕೇಳ್ಸಲ್ಲ. ಇನ್ನೊಂದ್ಸಲ ಹೇಳಿ."

ಅವಳು ತಲೆಯೆತ್ತಿ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಕೊನೇ ಬೆಂಚಿನ ಮಕ್ಕಳಿಗೆ ಹೇಳುವಂತೆ ಬಿಡಿಬಿಡಿಯಾಗಿ, ಬೀದಿಗೆಲ್ಲ ಕೇಳಿಸುವಂತೆ ಹೇಳಿದಳು. "ಅದ್ರಲ್ಲಿ ಏನು ಬರ್ದಿತ್ತು ಅಂತ ಕೇಳ್ದೆ. ಅವರು ಏನೋ ಬರೀತಾರೆ ಅಂತ ಗೊತ್ತಿತ್ತು. ಎರಡು ವರ್ಷದಿಂದ ತೆಗೆದು ನೋಡೋಕೆ ನಂಗೆ ಧೈರ್ಯ ಬರ್ಲಿಲ್ಲ."

ಕಿವಿಯಣ್ಣ ತನಗೆ ನೆನಪಿದ್ದ ಎರಡು ಸಾಲು ಹೇಳಿದ. ಕೆಲಸ ಸಿಕ್ಕ ವಾರದ್ದು, ಜ್ವರದ್ದು. ಅವಳು ಮುಚ್ಚಳ ಹಿಡಿದುಕೊಂಡೇ ಇನ್ನೂ ಕಾಯುತ್ತಿದ್ದಳು.

"ಇನ್ನೂ ನಾಲ್ಕಿತ್ತು," ಅಂದ. "ಓದ್ಲಿಲ್ಲ."