ಮ್ಯಾನೇಜರ್ ಇಲ್ಲದೆ ಗೆದ್ದ ಆಟ

ಬೇಸ್‌ಬಾಲ್ ತಂಡದ ಗೆಲುವಿನಲ್ಲಿ ಮ್ಯಾನೇಜರ್‌ನ ಪಾಲು ಎಷ್ಟು ಎಂಬ ಬಗ್ಗೆ ನಾನೂ ಕೆಳಗಿನ ಮನೆಯ ಅಂಕಲ್ಲೂ ಒಂದು ಬೇಸಿಗೆಯಿಡೀ ಜಗಳವಾಡಿದ್ದೇವೆ. ಅವರು ಧಾರವಾಡದ ಕಡೆಯವರು, ನಿವೃತ್ತ ಎಂಜಿನಿಯರ್. ಭಾನುವಾರ ನಾವಿದ್ದ ಮೆಟುಚೆನ್‌ನಿಂದ ನನ್ನ ಕಾರಿನಲ್ಲಿ ಬ್ರಿಡ್ಜ್‌ವಾಟರ್‌ನ ದೇವಸ್ಥಾನಕ್ಕೆ ಬರುತ್ತಿದ್ದರು. ಮಂಗಳಾರತಿ ಮುಗಿಸಿ, ಅಲ್ಲೇ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿಂದು, ಹತ್ತಿರದ ಸಣ್ಣ ಬಾಲ್‌ಪಾರ್ಕಿಗೆ ಹೋಗಿ ಆಟ ನೋಡುತ್ತ ಕೂರುವುದು ನಮ್ಮಿಬ್ಬರ ಪದ್ಧತಿಯಾಗಿತ್ತು.

"ಅಂವಾ ಏನ್ ಮಾಡ್ತಾನ್ರೀ? ಬ್ಯಾಟ್ ಹಿಡಿಯಂಗಿಲ್ಲ, ಬಾಲ್ ಒಗಿಯಂಗಿಲ್ಲ. ಆಡೋರು ಚೊಲೋ ಇದ್ರ ಗೆಲ್ತಾರ, ಇಲ್ಲಾಂದ್ರ ಇಲ್ಲ" ಎನ್ನುತ್ತಿದ್ದರು ಅಂಕಲ್.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಕ್ರಿಕೆಟ್ ಕೋಚ್ ಬಾಲ್ಕನಿಯಲ್ಲಿ ಕೂತು ಉಗುರು ಕಚ್ಚುತ್ತಾನೆ, ಸರಿ. ಆದರೆ ಇಲ್ಲಿ ಮ್ಯಾನೇಜರ್ ಆಟಗಾರರಂತೆಯೇ ಸಮವಸ್ತ್ರ ತೊಟ್ಟಿರುತ್ತಾನೆ. ಚೆಂಡೆಸೆಯುವ ಪಿಚರ್ ದಣಿದಾಗ ಮೈದಾನದ ನಡುವಿಗೆ ತಾನೇ ನಡೆದು ಹೋಗಿ, ಅವನ ಕೈಯಿಂದ ಚೆಂಡು ತೆಗೆದುಕೊಂಡು, ಬೆನ್ನು ತಟ್ಟಿ ಕಳಿಸುತ್ತಾನೆ. ಅದಕ್ಕೇನೂ ಬೆಲೆಯಿಲ್ಲವೇ ಎಂದು ವಾದಿಸುತ್ತಿದ್ದೆ.

ನಾನು ಹಾಗೆ ಹಟ ಹಿಡಿಯಲು ಕಾರಣವಿತ್ತು. ಹೆಂಡತಿಗೆ ಒಹಾಯೋದ ಆಸ್ಪತ್ರೆಯೊಂದರಲ್ಲಿ ಡಾಕ್ಟರರ ತರಬೇತಿಯ ರೆಸಿಡೆನ್ಸಿ ಸಿಕ್ಕಿ, ಹೈಸ್ಕೂಲಿನ ಮಗಳೂ ಅವಳ ಜೊತೆ ಹೋಗಿದ್ದಳು. ನಮ್ಮ ಗ್ರೀನ್ ಕಾರ್ಡಿನ ಅರ್ಜಿ ನನ್ನ ಇಲ್ಲಿನ ಕಂಪನಿಯಲ್ಲಿ ಸಿಕ್ಕಿಕೊಂಡಿದ್ದರಿಂದ ನಾನು ಇಲ್ಲೇ ಉಳಿದೆ. ಕಾರಿನ ಆಯಿಲ್ ಚೇಂಜ್, ಮಗಳ ಹಲ್ಲಿನ ಡಾಕ್ಟರು, ಹಿಂಬಾಗಿಲ ಚಿಲಕ, ಎಲ್ಲವನ್ನೂ ದಿನಾ ಫೋನಿನಲ್ಲೇ ನಡೆಸುತ್ತಿದ್ದೆ. ನಾನಿಲ್ಲದಿದ್ದರೆ ಆ ಮನೆ ನಡೆಯುವುದಿಲ್ಲ ಎಂದು ನಂಬಿದ್ದೆ. ಹಾಗೆ ನಂಬದೆ, ಒಂದೇ ಬೆಡ್‌ರೂಮಿನ ಮನೆಯಲ್ಲಿ ಒಬ್ಬನೇ ಅನ್ನ ಬೇಯಿಸಿಕೊಂಡು ಇರುವುದು ನನ್ನಿಂದ ಆಗುತ್ತಿರಲಿಲ್ಲ.

ಒಂದು ಭಾನುವಾರ ನಮ್ಮ ತಂಡದ ಮ್ಯಾನೇಜರ್ ಅಂಪೈರ್ ಜೊತೆ ಮೂಗಿಗೆ ಮೂಗು ತಾಗುವಂತೆ ನಿಂತು ಕೂಗಾಡಿದ. ಅಂಪೈರ್ ಕೈ ಬೀಸಿ ಅವನನ್ನು ಹೊರಗೆ ಹಾಕಿದ. ಆಟ ಕೆಟ್ಟಿತು ಎಂದುಕೊಂಡು ನಾನು ಕಾರಿನ ಕೀ ತೆಗೆದು ಎದ್ದುಬಿಟ್ಟೆ. ಕ್ರಿಕೆಟ್ ನೋಡಿ ಬೆಳೆದ ನನಗೆ ಅಂಪೈರ್ ಇಂಥದ್ದೂ ಮಾಡಬಹುದು ಎಂಬುದೇ ಗೊತ್ತಿರಲಿಲ್ಲ.

"ಎಲ್ಲಿಗ್ ಹೊಂಟ್ರಿ? ಕೂಡ್ರಿ. ಇನ್ನೊಬ್ಬಾಂವ ಅದಾನ, ನಡಸ್ತಾನ" ಎಂದರು ಅಂಕಲ್.

"ಮತ್ತೆ ಇವನು?"

"ಒಳಗ ಕುಂತು ಟೀವಿಯೊಳಗ ನೋಡ್ತಾನ."

ಆಟ ಒಂದು ನಿಮಿಷವೂ ತಡವಾಗಲಿಲ್ಲ. ಹಿಂದೆ ಬಿದ್ದಿದ್ದ ನಮ್ಮ ತಂಡ ಗೆದ್ದೂಬಿಟ್ಟಿತು. ಅಂಕಲ್ ಶೇಂಗಾದ ಪೊಟ್ಟಣ ನನ್ನ ಕಡೆ ಚಾಚಿದರು. ಅವರು ಹಂಗಿಸಿದ್ದರೇ ವಾಸಿಯಿತ್ತು.

ಅವರನ್ನು ಬಾಗಿಲ ಹತ್ತಿರ ಇಳಿಸಿ, ನಮ್ಮ ಕಟ್ಟಡದ ಪಾರ್ಕಿಂಗ್ ಲಾಟಿನಲ್ಲೇ ಕಾರಿನೊಳಗೆ ಕೂತು ಹೆಂಡತಿಗೆ ಫೋನ್ ಮಾಡಿದೆ. ಹಿಂದಿನ ದಿನ ವಾಟರ್ ಹೀಟರ್ ಒಡೆದು ಬೇಸ್‌ಮೆಂಟ್ ತುಂಬ ನೀರಾಗಿತ್ತಂತೆ. ಆಗ ಅವಳು ಡ್ಯೂಟಿಯಲ್ಲಿದ್ದಳು. ಮಗಳೇ ನೀರು ಬಂದ್ ಮಾಡಿ, ಪ್ಲಂಬರ್ ಕರೆಸಿ, ಹೊಸದನ್ನು ಹಾಕಿಸಿದ್ದಳು.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅಲ್ಲಿಂದ ನೀವೇನು ಮಾಡ್ತಿದ್ರಿ? ಸುಮ್ನೆ ಟೆನ್ಷನ್" ಎಂದಳು. ಸಿಟ್ಟಿನಿಂದೇನೂ ಅಲ್ಲ, ನನ್ನ ಮೇಲಿನ ಕನಿಕರದಿಂದಲೇ. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಮಗಳಿಗೆ ಫೋನ್ ಕೊಡು ಎಂದೆ.

ಅವಳು ಬಂದಳು. ಹೀಟರಿಗೆ ವಾರಂಟಿ ಇದೆಯೇ, ಕಾರ್ಪೆಟ್ ಒಣಗಿತೇ ಎಂದು ಕೇಳಿದೆ. ಎಲ್ಲಕ್ಕೂ ಅವಳ ಹತ್ತಿರ ಉತ್ತರವಿತ್ತು. ಆಮೇಲೆ ಕೇಳುವುದಕ್ಕೆ ನನಗೆ ಏನೂ ಉಳಿಯಲಿಲ್ಲ.

"ಅಪ್ಪಾ, ಡು ಯು ನೀಡ್ ಎನಿಥಿಂಗ್?" ಎಂದಳು.

ಏನಿಲ್ಲ ಎಂದು ಫೋನಿಡುವುದು ನನ್ನ ರೂಢಿ. ಅವತ್ತು ಆಗಲಿಲ್ಲ.

"ಹೌದು ಪುಟ್ಟಿ. ಸ್ವಲ್ಪ ಹೊತ್ತು ಏನಾದ್ರೂ ಮಾತಾಡ್ತಿರು" ಎಂದೆ.