ಯಾರೋ ಹಿಡಿದ ಬಲಗೈ

ದೆವ್ವ ಗಿವ್ವ ಎಂದರೆ ಮೂಗು ಮುರಿಯುವವಳು ನಾನು. ಯಾರಾದರೂ ಅಂಥ ಕಥೆ ತೆಗೆದರೆ ಹೊಟ್ಟೆ ತುಂಬಿದವರ ಮಾತು ಎಂದು ಎದ್ದು ಹೋಗುತ್ತಿದ್ದೆ. ಈಗಲೂ ನಂಬುವುದಿಲ್ಲ. ಆದರೂ ಹಾಡಹಗಲೇ ನನಗಾದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಗುವುದಾದರೆ ನಗಿ.

ತೊಂಬತ್ತರ ದಶಕ. ಗುಲ್ಬರ್ಗಾ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಅಪ್ಪ, ಅವ್ವನ ಜತೆ ಬೆಂಗಳೂರಿನ ಲಿಂಗರಾಜಪುರದ ಬಾಡಿಗೆ ಕೋಣೆಯಲ್ಲಿದ್ದೆ. ಶಾಲೆಯ ಗೈಡ್ಸ್ ದಳದವರು ನನ್ನನ್ನು ರಿಚರ್ಡ್ಸ್ ಟೌನಿನ ಮೈದಾನದಲ್ಲಿ ನಡೆದ ಶಿಬಿರಕ್ಕೆ ಕರೆದುಕೊಂಡು ಹೋದರು. ಶ್ರೀಲಂಕಾ, ನೇಪಾಳ, ಮಲೇಷಿಯಾದಿಂದೆಲ್ಲ ಸ್ಕೌಟ್ಸ್, ಗೈಡ್ಸ್ ಬಂದಿದ್ದರು. ನಮಗೆ ತಲಾ ಒಬ್ಬರು ವಿದೇಶಿ ಜೊತೆಗಾರರು. ಕೊನೆಯ ದಿನ ಇಬ್ಬರೂ ಕೊರಳಿನ ಸ್ಕಾರ್ಫ್ ಅದಲುಬದಲು ಮಾಡಿಕೊಳ್ಳುವುದು ಪದ್ಧತಿ. ನನ್ನ ಜೊತೆಗಾತಿ ಶ್ರೀಲಂಕಾದ ನಿಲಂತಿ. ಅವಳ ಸ್ಕಾರ್ಫ್ ಹಾಕಿಕೊಂಡು ನಮ್ಮ ಬೀದಿಯಲ್ಲಿ ಒಮ್ಮೆ ನಡೆಯಬೇಕೆಂದು ನನಗೆ ಎಂಥ ಆಸೆ ಅಂತೀರಿ!

ಗೈಡ್ಸ್ ಕೈ ಕುಲುಕುವುದು ಎಡಗೈಯಲ್ಲಿ. ನಮ್ಮ ಮನೆಯಲ್ಲಿ ಎಡಗೈ ಚಾಚಿದರೆ ಅವ್ವ ಬೆನ್ನಿಗೆ ಗುದ್ದುತ್ತಿದ್ದಳು. ಹಾಗಾಗಿ ನನ್ನದು ಪ್ರತಿ ಸಲವೂ ಬಲಗೈಯೇ ಮುಂದೆ. ನಮ್ಮ ದಳದ ನಾಯಕಿ ಶೀಲಾಗೆ ಅದೇ ತಮಾಷೆ. “ಲೇ ಗುಲ್ಬರ್ಗಾ, ಊಟಕ್ಕೆ ಕೂತಿದೀಯೇನೇ?” ಎಂದು ಎಲ್ಲರೆದುರು ಕೂಗುವಳು. ನಿಲಂತಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳಿ ಅವಳನ್ನೂ ನಗಿಸುವಳು.

ಒಂದು ಮಧ್ಯಾಹ್ನ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೈ ಮುಟ್ಟಿಯೇ ಜೊತೆಗಾರರನ್ನು ಗುರುತಿಸುವ ಆಟ. ಶೀಲಾ ನನಗೆ ಬಿಗಿಯಾಗಿ ಕಟ್ಟಿ, “ನಾನು ಹೇಳೋವರ್ಗೂ ಬಿಚ್ಬಾರ್ದು” ಎಂದಳು. ಸುತ್ತಲಿನ ಸದ್ದೆಲ್ಲ ಅಡಗಿತು. ಹೆದರಿಕೆಗೆ ಮತ್ತೆ ಬಲಗೈಯೇ ಮುಂದೆ ಹೋಯಿತು. ಯಾರೋ ಹಿಡಿದುಕೊಂಡರು. ಒರಟಾದ, ಬೆಚ್ಚಗಿನ ಬಲಗೈ. ನಗಲಿಲ್ಲ, ಎಡಗೈ ಕೊಡು ಎನ್ನಲಿಲ್ಲ, ಬಿಡಲೂ ಇಲ್ಲ. ನಿಲಂತಿಯ ಕೈ ಇಷ್ಟು ಒರಟಲ್ಲವಲ್ಲ ಎನಿಸಿದರೂ, ಸದ್ಯ ಯಾರೋ ಇದ್ದಾರಲ್ಲ ಎಂದು ಜೀವಕ್ಕೆ ಸಮಾಧಾನವಾಯಿತು.

ಬಿಸಿಲಿಗೆ ತಲೆ ಸುತ್ತತೊಡಗಿದಾಗ ಎಡಗೈಯಿಂದ ಬಟ್ಟೆ ಕಿತ್ತೆ. ಅಯ್ಯೋ, ಎದುರಿಗೆ ಯಾರೂ ಇಲ್ಲ! ಮೈದಾನದ ನಟ್ಟನಡುವೆ ನಾನೊಬ್ಬಳೇ. ಎಲ್ಲರೂ ದೂರದ ಮರದಡಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಿಲಂತಿಯೂ ನಗುತ್ತಿದ್ದಳು. ಬಟ್ಟೆ ಕಟ್ಟಿದ ಕೂಡಲೇ ಕಳ್ಳಹೆಜ್ಜೆ ಇಟ್ಟು ಸರಿದುಹೋಗಿದ್ದರಂತೆ.

“ಗಾಳಿಗೆ ಶೇಕ್ ಹ್ಯಾಂಡ್ ಕೊಡ್ತಾ ನಿಂತಿದ್ದಲ್ಲೇ!” ಎಂದಳು ಶೀಲಾ. ನನ್ನ ಬಲಗೈ ಮೇಲೆ ಬೆರಳೊತ್ತಿದ ಕೆಂಪು ಗುರುತುಗಳಿದ್ದವು. ತೋರಿಸಿದೆ. “ನೀನೇ ಒತ್ಕೊಂಡಿರ್ತೀಯ. ನಾಟಕ ಸಾಕು” ಎಂದಳು.

ಕೊನೆಯ ದಿನ ನಿಲಂತಿ ತನ್ನ ಸ್ಕಾರ್ಫನ್ನು ಶೀಲಾಳ ಕೊರಳಿಗೆ ಹಾಕಿದಳು. ನನಗೆ ದೂರದಿಂದಲೇ ಕೈ ಬೀಸಿ ಬಸ್ಸು ಹತ್ತಿದಳು. ನನ್ನ ಸ್ಕಾರ್ಫ್ ನನ್ನ ಕೊರಳಲ್ಲೇ ಮನೆಗೆ ಬಂತು.

ಆ ಮೈದಾನದಲ್ಲಿ ಹಿಂದೆ ಏನಾದರೂ ನಡೆದಿತ್ತೇ ಎಂದು ಎಷ್ಟೋ ಜನರನ್ನು ಕೇಳಿದ್ದೇನೆ. ಅಂಥದ್ದೇನೂ ಇಲ್ಲವಂತೆ. ಬಿಸಿಲಿನ ಭ್ರಮೆ ಎನ್ನುತ್ತಾರೆ. ಇರಬಹುದು. ಅಷ್ಟೊಂದು ದೇಶದ ಮಕ್ಕಳು ಸೇರಿದ್ದ ಕಡೆ ನನ್ನ ಕೈ ಹಿಡಿದದ್ದು ಅದೊಂದೇ ಕೈ. ಅದು ಯಾವ ದೇಶದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ.