ಸೊಂಡಿಲಿಲ್ಲದ ಆನೆ

ನಾನು ಬರೆಯುವ ಆನೆಗೆ ಸೊಂಡಿಲಿರುವುದಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು.

ಹಳೇಬೀಡಿನಲ್ಲಿ ನಮ್ಮ ಮನೆ ದೇವಸ್ಥಾನಕ್ಕೆ ಕೂಗಳತೆ ದೂರ. ಅಜ್ಜಿ ಹುಟ್ಟಿ ಬೆಳೆದದ್ದೂ ಅದೇ ಬೀದಿಯಲ್ಲಿ. ಗುಡಿಯ ಗೋಡೆಯ ಕೆಳಸಾಲಿನಲ್ಲಿ ಆನೆಗಳು ನಡೆಯುತ್ತವಲ್ಲ, ಅವುಗಳಲ್ಲಿ ಒಂದರ ಸೊಂಡಿಲು ಯಾವ ಕಾಲದಲ್ಲೋ ಮುರಿದುಹೋಗಿತ್ತು. ಚಿಕ್ಕಂದಿನಲ್ಲಿ ಅಜ್ಜಿ ಅದರ ಬೆನ್ನಿನ ಮೇಲೆ ಬೆರಳಾಡಿಸಿ ಆಡಿಸಿಯೇ ಆನೆ ಬರೆಯಲು ಕಲಿತಳಂತೆ. ಹತ್ತೊಂಬತ್ತಕ್ಕೆ ಗಂಡ ಹೋದ. ತಲೆಗೂದಲು ಹೋಯಿತು, ಬೀದಿಬಾಗಿಲಲ್ಲಿ ರಂಗೋಲಿ ಇಡುವ ಹಕ್ಕೂ ಹೋಯಿತು. ಹಿತ್ತಲಿನ ಒಗೆಯುವ ಕಲ್ಲಿಗೆ ಅಂಥ ಶಾಸ್ತ್ರವೇನೂ ಇರಲಿಲ್ಲ, ನೋಡಿ! ಬಳಪದ ಕಲ್ಲಿನ ಚೂರು ನಮ್ಮೂರಲ್ಲಿ ಕೆದಕಿದಲ್ಲೆಲ್ಲ ಸಿಗುತ್ತದೆ. ಅದರಿಂದ ಒಗೆಯುವ ಕಲ್ಲಿನ ಮೇಲೆ ಆನೆ ಬರೆಯುತ್ತಿದ್ದಳು, ಒಂದು ಚೊಂಬು ನೀರು ಸುರಿದು ಅಳಿಸುತ್ತಿದ್ದಳು. ಗೆರೆ ಆನೆಯ ಬೆನ್ನಿಗೆ ಬರುವಾಗ ತುಟಿ ಕಚ್ಚುತ್ತಿದ್ದಳು. ಆ ಗಳಿಗೆಯಲ್ಲಿ ಕೆಂಪು ಸೀರೆಯ ಮುದುಕಿ ಮಾಯವಾಗಿ, ಲಂಗ ತೊಟ್ಟ ಯಾವುದೋ ಹುಡುಗಿ ನನ್ನೆದುರು ಕುಕ್ಕರಗಾಲಲ್ಲಿ ಕೂತಿರುತ್ತಿದ್ದಳು.

"ಅಜ್ಜೀ, ಸೊಂಡಿಲೆಲ್ಲಿ?"

"ನಾನು ಕಂಡ ಆನೇಗೆ ಇರಲಿಲ್ಲ ಕಣೇ. ಸುಳ್ಳು ಬರೀಲೇನು?"

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ, ಬೇಲೂರಿನಲ್ಲಿ ಮಕ್ಕಳ ಚಿತ್ರಗಳನ್ನು ಗೋಡೆಗೆ ತೂಗುಹಾಕುತ್ತಾರೆ ಅಂತ ಸುದ್ದಿ ಬಂತು. ಅಜ್ಜಿಯ ಆನೆ ಒಮ್ಮೆಯಾದರೂ ನಾಲ್ಕು ಜನರ ಕಣ್ಣಿಗೆ ಬೀಳಬೇಕು, ನೀರು ಸುರಿದು ಅಳಿಸಲಾಗದ ಕಡೆ ನಿಲ್ಲಬೇಕು. ನನಗೆ ಅದೊಂದೇ ಹಟ. ಬರೆದು ಶಾಲೆಗೆ ಒಯ್ದೆ.

ಡ್ರಾಯಿಂಗ್ ಮೇಷ್ಟ್ರು ಕಾಗದ ಎತ್ತಿ ಹಿಡಿದರು. "ಏನಮ್ಮಾ ಇದು, ಎಮ್ಮೆಯೋ?"

"ಆನೆ ಸಾರ್."

"ಮೂಗು ಮನೇಲಿ ಬಿಟ್ಟು ಬಂತೇನು?"

ತರಗತಿಯೆಲ್ಲ ಗೊಳ್ಳೆಂದಿತು. ಮೇಷ್ಟ್ರು ಕೆಟ್ಟವರಲ್ಲ, ತಮ್ಮ ಪೆನ್ಸಿಲನ್ನೇ ಕೊಟ್ಟರು. "ಎರಡು ಗೆರೆ ಎಳಿ, ಬೇಲೂರಿಗೆ ಹೋಗುತ್ತೆ. ಇಲ್ಲದಿದ್ರೆ ಇಲ್ಲ."

ಪೆನ್ಸಿಲು ಕಾಗದಕ್ಕೆ ತಾಗಿಸಿದೆ. ಒದ್ದೆ ಕಲ್ಲಿನ ವಾಸನೆ, ಸೀಗೆಕಾಯಿಯ ಘಾಟು, ಆನೆ ಬರೆಯಲು ಕಲಿಸುವಾಗ ನನ್ನ ಪುಟ್ಟ ಮುಷ್ಟಿಯನ್ನು ಮುಚ್ಚಿದ್ದ ಅಜ್ಜಿಯ ಒರಟು ಅಂಗೈ, ಎಲ್ಲ ಒಟ್ಟಿಗೇ ನುಗ್ಗಿ ಬಂದವು. ಪೆನ್ಸಿಲು ಮೇಜಿನ ಮೇಲಿಟ್ಟೆ.

"ಆಗಲ್ಲ ಸಾರ್."

ಸಂಜೆ ಅಜ್ಜಿಯೇ ರಾಜಿಗೆ ಬಂದಳು. "ಎರಡು ಗೆರೆ ತಾನೆ, ಎಳೆದುಬಿಡೇ. ಬೇಲೂರಿನವರು ನೋಡ್ಲಿ."

"ಎಳೆದ್ರೆ ಅದು ಬೇರೆ ಯಾರದೋ ಆನೆ ಆಗುತ್ತೆ ಅಜ್ಜಿ. ನಿಂದಲ್ಲ."

ಮಾರನೆಯ ದಿನ ಗಿಳಿ, ತಾವರೆ, ಬಾವುಟಗಳೆಲ್ಲ ಬೇಲೂರಿನ ಬಸ್ಸು ಹತ್ತಿದವು. ನನ್ನ ಆನೆ ಹತ್ತಲಿಲ್ಲ.

ಅದರ ಮರು ಬೆಳಿಗ್ಗೆ ಅಮ್ಮನ ರಂಗೋಲಿ ಬಟ್ಟಲು ಕಿತ್ತುಕೊಂಡು ಬೀದಿಬಾಗಿಲಿಗೆ ಹೋದೆ. ಸಗಣಿ ಸಾರಿಸಿದ ಅಂಗಳದ ತುಂಬ ಆನೆ ಇಟ್ಟೆ, ನನಗಿಂತ ಉದ್ದದ್ದು. ಎದುರುಮನೆಯಾಕೆ ಕೊಡ ಇಳಿಸಿ ನಿಂತರು.

"ಇದ್ಯಾವ ಮೊಂಡು ಪ್ರಾಣೀನೇ, ಬೆಳಗಾಗೆದ್ದು?"

ನಾನು ಬಾಯಿ ತೆರೆಯುವ ಮೊದಲೇ ಹೊಸಿಲಿನಿಂದ ಉತ್ತರ ಬಂತು. "ಆನೆ ಕಣ್ರೀ. ನಮ್ಮನೇದು."

ಅಜ್ಜಿ! ಬೆಳಬೆಳಿಗ್ಗೆ ಬೀದಿಗೆ ಮುಖ ತೋರಿಸಬಾರದ ಅಜ್ಜಿ ಗೋಡೆ ಹಿಡಿದು ಮೆಟ್ಟಿಲಿಳಿದಳು. ಅಮ್ಮ ಬಾಗಿಲಲ್ಲೇ ಕಲ್ಲಾದಳು.

"ಕಣ್ಣೇ ಇಟ್ಟಿಲ್ವಲ್ಲೇ, ಕತ್ತೆ," ಎಂದು ಅಜ್ಜಿ ಬಗ್ಗಿದಳು. ಬಟ್ಟಲಿಗೆ ಬೆರಳು ಹಾಕಿ ಒಂದು ಚಿಟಿಕೆ ಪುಡಿ ತೆಗೆದಳು. ಬೀದಿಯವರೆಲ್ಲ ನೋಡುತ್ತಿದ್ದಂತೆ, ನಲವತ್ತು ವರ್ಷದ ಮೇಲೆ, ತುಟಿ ಕಚ್ಚಿಕೊಂಡು ಕಣ್ಣಿಟ್ಟಳು.

ಸೊಂಡಿಲು ಕೇಳುವವರು ಈಗಲೂ ಇದ್ದಾರೆ. ಕೇಳಲಿ. ಇಡೀ ಆನೆ ಬರೆದು ಮುಗಿಸಿ, ಕಣ್ಣನ್ನು ಮಾತ್ರ ನಾನು ಕಡೆಗೆ ಇಡುತ್ತೇನೆ.